ರೊಟ್ಟಿ ಸಪ್ಪಳದಲ್ಲಿ ಧಾರಾವಾಹಿ

ಧಾರಾವಾಹಿಗಳಲ್ಲಿ ಯಾರೂ ರೊಟ್ಟಿ ಬಡಿಯುವುದಿಲ್ಲ. ಇದು ನನ್ನ ಮೊದಲ ತಕರಾರು. ಅರಮನೆಯಂಥ ಮನೆ, ಮನೆ ತುಂಬ ಮಂದಿ, ಆದರೆ ಅವರೆಲ್ಲ ಏನು ತಿಂದು ಬದುಕುತ್ತಾರೋ ದೇವರಿಗೇ ಗೊತ್ತು. ನಾವು ನೋಡುತ್ತಿದ್ದ ಧಾರಾವಾಹಿಯ ನಾಯಕಿ ಒಂದು ತಿಂಗಳು ಪೂರ್ತಿ ಒಂದೇ ಗಜ್ಜರಿ ಹೆಚ್ಚಿದಳು. ಹೆಚ್ಚುತ್ತಾ ಅಳುವುದು, ಅಳುತ್ತಾ ಬೆರಳು ಕೊಯ್ದುಕೊಳ್ಳುವುದು, ಆ ಬೆರಳನ್ನು ಗಂಡ ಓಡಿ ಬಂದು ಹಿಡಿದುಕೊಳ್ಳುವುದು. ಗಜ್ಜರಿ ಮಾತ್ರ ಪಲ್ಯ ಆಗಲೇ ಇಲ್ಲ. ನಾನಾಗಿದ್ದರೆ ಮೂರನೆಯ ದಿನಕ್ಕೇ ಗಂಡನ ಕೈಗೆ ಚಾಕು ಕೊಟ್ಟು, ಉಳಿದದ್ದನ್ನು ನೀವೇ ಹೆಚ್ಚಿರಿ ಅನ್ನುತ್ತಿದ್ದೆ.

ಹೀಗೆ ಮಾತಾಡುವ ಅಧಿಕಾರ ನನಗೆ ಎಲ್ಲಿಂದ ಬಂತು ಅಂತ ಕೇಳಬಹುದು. ಹಗರಿಬೊಮ್ಮನಹಳ್ಳಿಯ ಒಂದು ರೊಟ್ಟಿ ಕೇಂದ್ರದಲ್ಲಿ ಹಂಚಿನ ಮುಂದೆ ಕೂತು ವರ್ಷಗಟ್ಟಲೆ ಟಿವಿ ನೋಡಿದವಳು ನಾನು. ನಾವು ಐದು ಮಂದಿ. ಮೂವರು ರೊಟ್ಟಿ ಬಡಿಯುವವರು, ಬೇಯಿಸುವವಳು ನಾನು, ಎಣಿಸಿ ಕಟ್ಟುವವರು ಕೇಂದ್ರದ ಯಜಮಾನಿ. ನಮ್ಮ ಕಡೆ ಸೊಸೆಯಾಗಿ ಬಂದವಳ ಹೆಸರು ಆಧಾರ್ ಕಾರ್ಡಿನಲ್ಲಿ ಮಾತ್ರ ಇರುತ್ತದೆ. ಕರೆಯುವುದೆಲ್ಲ ತವರೂರಿನಿಂದ. ನನ್ನ ತವರು ಕೊಟ್ಟೂರು, ಹಾಗಾಗಿ ನಾನು ಕೊಟ್ಟೂರಾಕಿ. ಯಜಮಾನಿ ಹಡಗಲಿಯವರು, ವಯಸ್ಸಿನಲ್ಲಿ ದೊಡ್ಡವರಾದ್ದರಿಂದ ಹಡಗಲಿ ಅಕ್ಕಾರು. ಬಡಿಯುವ ಮೂವರಲ್ಲಿ ನನಗೆ ಹತ್ತಿರದವಳು ಅರಸೀಕೆರೆಯಾಕಿ. ಹಾಸನದ ಕಡೆಯ ಅರಸೀಕೆರೆ ಅಲ್ಲ, ನಮ್ಮ ಹರಪನಹಳ್ಳಿ ತಾಲ್ಲೂಕಿನದು. ಅವಳ ರೊಟ್ಟಿ ಹಪ್ಪಳದಷ್ಟು ತೆಳ್ಳಗೆ, ಕೈ ಮಾತ್ರ ಕಲ್ಲು ಒಡೆಯುವವಳ ಕೈ. ಅವಳೊಬ್ಬಳೇ ಬಡಿದರೆ ಇಬ್ಬರು ಬಡಿದಷ್ಟು ಸಪ್ಪಳ. ನಾವೆಲ್ಲ ದಿನಕ್ಕೆ ಮೂರು ಸಲ ಚಾ ಕುಡಿದರೆ ಅವಳೊಬ್ಬಳು ಅದನ್ನು ಮುಟ್ಟುತ್ತಿರಲಿಲ್ಲ.

ಯಜಮಾನಿಯ ಮಗ ದೊಡ್ಡ ಟಿವಿ ತಂದಾಗ ಹಳೆಯದು ಕೇಂದ್ರಕ್ಕೆ ಬಂತು. ಅದನ್ನು ನೇತು ಹಾಕಿದ್ದು ನನ್ನ ಎದುರಿನ ಗೋಡೆಗೆ. ಹಿಂದಿನ ರಾತ್ರಿಯ ಧಾರಾವಾಹಿಗಳು ಮರುದಿನ ಮಧ್ಯಾಹ್ನ ಮತ್ತೆ ಬರುತ್ತವಲ್ಲ, ಅವೇ ನಮ್ಮ ಪಾಲಿಗೆ ಹೊಸವು. ಆದರೆ ಮೂವರು ಒಟ್ಟಿಗೆ ಜೋಳದ ರೊಟ್ಟಿ ಬಡಿಯುವಾಗ ಗುಡುಗು ಬಂದರೂ ಕೇಳಿಸುವುದಿಲ್ಲ. ಸೌಂಡು ಜಾಸ್ತಿ ಮಾಡಿ ನೋಡಿದೆವು. ಎರಡನೆಯ ದಿನ ಪಕ್ಕದ ಗ್ಯಾರೇಜಿನ ಸಾಬರು ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದರು.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಇಂಜಿನ್ ಸಪ್ಪಳ ಕೇಳೇ ನಾವು ರಿಪೇರಿ ಮಾಡಬೇಕು. ಈಗ ಯಾವ ಗಾಡಿ ತಂದ್ರೂ ಅತ್ತಿ-ಸೊಸಿ ಜಗಳಾಡಿದಂಗ ಕೇಳ್ತೈತಿ."

ಸೌಂಡು ಇಳಿಸಿದೆವು. ಬಡಿಯುವವರಿಗೆ ಆಗಾಗ ಕತ್ತೆತ್ತಿ ನೋಡುವುದಷ್ಟೇ ಸಾಧ್ಯ, ಕಣ್ಣು ಹಿಟ್ಟಿನ ಮೇಲೇ ಇರಬೇಕು. ಮಾತು ಕೇಳಿಸುವುದಿಲ್ಲ. ಹೀಗೆ ಶುರುವಾಯಿತು ಆ ಪ್ರಶ್ನೆ.

"ಕೊಟ್ಟೂರಾಕಿ, ಏನಂತಾಳ ಅಕಿ?"

ನನಗೂ ಕೇಳಿಸುತ್ತಿರಲಿಲ್ಲ. ಆದರೆ ಗೊತ್ತಿಲ್ಲ ಅನ್ನುವುದು ನನ್ನ ಜಾಯಮಾನದಲ್ಲೇ ಇಲ್ಲ. ಚಿಕ್ಕವಳಿದ್ದಾಗ ನಮ್ಮವ್ವ ನನ್ನನ್ನು ಟಾಕೀಸಿಗೆ ಕರೆದುಕೊಂಡು ಹೋಗುತ್ತಿದ್ದಳು. ನಮ್ಮ ಭಾಗದಲ್ಲಿ ತೆಲುಗು ಸಿನಿಮಾಗಳೂ ಬರುತ್ತಿದ್ದವು. ಅವ್ವನಿಗೆ ತೆಲುಗು ಬಾರದು. ನನಗೂ ಬಾರದು, ಆದರೆ ಶಾಲೆಗೆ ಹೋಗುವ ಮಗಳಿಗೆ ಎಲ್ಲಾ ಬರುತ್ತದೆ ಅಂತ ಅವ್ವನ ನಂಬಿಕೆ. ಅವಳು ಕೇಳಿದಂತೆಲ್ಲ ನಾನು ಹೇಳುತ್ತಾ ಹೋದೆ. ಅವ್ವ ಹೊರಗೆ ಬಂದು, ತೆಲುಗಿನವರ ಕಥೆ ನಮ್ಮ ಓಣಿಯ ಕಥೆಯ ಹಾಗೇ ಇರುತ್ತದೆ ಅಂತ ಮೆಚ್ಚಿಕೊಳ್ಳುತ್ತಿದ್ದಳು. ಇರದೆ ಏನು ಮಾಡೀತು!

ಕೇಂದ್ರದಲ್ಲೂ ಅದೇ ಕಸುಬು ಮುಂದುವರಿಯಿತು. ತುಟಿ ಅಲುಗುವುದನ್ನು ನೋಡಿ ಮಾತು ಕೂಡಿಸುವುದು. ಮೊದಮೊದಲು ಅವರು ಅಂದಿರಬಹುದಾದದ್ದನ್ನೇ ಹೇಳುತ್ತಿದ್ದೆ. ಬರಬರುತ್ತಾ ಅವರು ಅನ್ನಬೇಕಾಗಿದ್ದನ್ನು ಹೇಳತೊಡಗಿದೆ. ಯಾಕೆಂದರೆ ನನಗೆ ಸಿಟ್ಟು ಬರುತ್ತಿತ್ತು. ಸಿನಿಮಾ ಇರಲಿ ಧಾರಾವಾಹಿ ಇರಲಿ, ನಮ್ಮ ಮಾತನ್ನು ಕೊಡುವುದು ಅಡುಗೆಯವನಿಗೆ, ಇಲ್ಲವೇ ನಗಿಸಲಿಕ್ಕೆಂದೇ ಬಂದು ಒದೆ ತಿಂದು ಹೋಗುವವನಿಗೆ. 'ಐತಿ' ಅಂದ ಕೂಡಲೇ ಮಂದಿ ನಗಬೇಕು. ಪ್ರೀತಿ ಮಾಡುವವರು, ಕೋರ್ಟಿನಲ್ಲಿ ವಾದಿಸುವವರು, ಆಪರೇಷನ್ ಮಾಡುವವರು ಯಾರೂ ನಮ್ಮಂತೆ ಮಾತಾಡುವುದಿಲ್ಲ. ನನ್ನ ಹಂಚಿನ ಮುಂದೆ ಆ ಲೆಕ್ಕ ನಡೆಯಲಿಲ್ಲ. ಕೋಟು ಹಾಕಿದ ಡಾಕ್ಟರು ಆಪರೇಷನ್ ಕೋಣೆಯಿಂದ ಬಂದು, "ಜೀವಕ್ಕೇನೂ ಭಯ ಇಲ್ರಿ, ಒಂದೀಟು ಗಂಜಿ ಕುಡಸ್ರಿ" ಅನ್ನುತ್ತಿದ್ದ. ಕಂಪನಿಯ ಮಾಲೀಕ ವಿಮಾನ ಇಳಿದು ಬಂದು, "ಮನಿ ಕಡೆ ಎಲ್ಲಾ ಚಲೋ ಅದಾರೇನು?" ಅಂತ ಕೇಳುತ್ತಿದ್ದ. ನನ್ನ ಗೆಳತಿಯರಿಗೆ ಇದರಲ್ಲಿ ಯಾವ ವಿಚಿತ್ರವೂ ಕಾಣಲಿಲ್ಲ.

ಎಲ್ಲರೂ ಮನೆಯಲ್ಲಿ ರಾತ್ರಿಯೇ ನೋಡಿಬಿಟ್ಟಿದ್ದರೆ ನನ್ನ ಬಣ್ಣ ಬಯಲಾಗುತ್ತಿತ್ತು. ಆದರೆ ಬಡಿಯುವ ಮೂವರ ಮನೆಯಲ್ಲೂ ರಿಮೋಟು ಅವರ ಕೈಯಲ್ಲಿರಲಿಲ್ಲ. ಅರಸೀಕೆರೆಯಾಕಿಯ ಮಾವನಿಗಂತೂ ವಾರ್ತೆಯ ಹುಚ್ಚು. ನಾಲ್ಕು ಜನ ಏಕಕಾಲಕ್ಕೆ ಕೂಗಾಡುವ ಚರ್ಚೆ ಹಚ್ಚಿದರೆ ಅವರಿಗೆ ನಿದ್ದೆ ಬರುತ್ತಿತ್ತಂತೆ, ಬಂದ್ ಮಾಡಿದರೆ ಎಚ್ಚರವಾಗುತ್ತಿತ್ತಂತೆ.

ಬರೀ ತಕರಾರು ಅಂದುಕೊಳ್ಳಬೇಡಿ, ಖುಷಿಯೂ ಇತ್ತು. ಒಂದು ಅಡುಗೆ ಕಾರ್ಯಕ್ರಮದಲ್ಲಿ ಚೆಂದದ ಹುಡುಗಿಯೊಬ್ಬಳು ಇವತ್ತು ಜೋಳದ ರೊಟ್ಟಿ ಅಂತ ನಗುತ್ತಾ ಲಟ್ಟಣಿಗೆ ಎತ್ತಿಕೊಂಡಳು. ನಮ್ಮ ಕೇಂದ್ರದಲ್ಲಿ ಅವತ್ತು ಮೂರು ಜೊತೆ ಕೈ ಒಮ್ಮೆಗೇ ನಿಂತವು. ಅವಳು ಲಟ್ಟಿಸಿದಂತೆಲ್ಲ ರೊಟ್ಟಿ ಬಿರಿಯುತ್ತಾ ಹೋಯಿತು. ನಾವು ಐದು ಮಂದಿ ಟಿವಿಯ ಎದುರು ನಿಂತು, ಕೈಯಿಂದ ಬಡಿ, ಕೈಯಿಂದ ಬಡಿ ಅಂತ ಕೂಗಿದೆವು. ಗ್ಯಾರೇಜಿನ ಸಾಬರು ಯಾರಿಗೋ ಹೊಡೆತ ಬಿದ್ದಿದೆ ಅಂತ ಓಡಿ ಬಂದರು.

ಇನ್ನು ಮುಖ್ಯ ಸಂಗತಿಗೆ ಬರುತ್ತೇನೆ. ಎರಡು ವರ್ಷದಿಂದ ನಾವು ಹಿಡಿದಿದ್ದ ಧಾರಾವಾಹಿ ಒಬ್ಬ ಅಕ್ಕ ಒಬ್ಬ ತಂಗಿಯದು. ಇಬ್ಬರೂ ಒಂದೇ ಮನೆಗೆ ಸೊಸೆಯಂದಿರಾಗಿ ಬಂದು ಮಾತು ಬಿಟ್ಟಿದ್ದರು. ಗಜ್ಜರಿ ಹೆಚ್ಚುವವಳೇ ತಂಗಿ. ಅಕ್ಕ ಮಲಗುವಾಗಲೂ ಸೊಂಟಪಟ್ಟಿ ಬಿಚ್ಚದವಳು. ಈ ಧಾರಾವಾಹಿ ಬಂದಾಗ ಅರಸೀಕೆರೆಯಾಕಿ ಉಳಿದವಕ್ಕಿಂತ ಹೆಚ್ಚು ಸಲ ಕತ್ತೆತ್ತುತ್ತಿದ್ದಳು. ಕಾರಣ ನನಗೆ ಗೊತ್ತಿತ್ತು. ಅವಳಿಗೂ ಒಬ್ಬ ಅಕ್ಕ, ಹರಪನಹಳ್ಳಿಗೆ ಕೊಟ್ಟದ್ದು. ಏಳು ವರ್ಷದಿಂದ ಮಾತಿಲ್ಲ.

ಜಗಳ ಆದದ್ದು ಒಂದು ಸೀರೆಗೆ. ಅಕ್ಕನ ಹೊಸ ಮನೆಯ ಪ್ರವೇಶಕ್ಕೆ ಇವಳು ಒಂದು ಹಸಿರು ಸೀರೆ ಒಯ್ದಿದ್ದಳು. ಫಾಲ್ ತಾನೇ ಹಚ್ಚಿದ್ದಳು. ಹಚ್ಚುವಾಗ ಹಸಿರು ದಾರ ಮುಗಿದು, ಕೊನೆಯ ಗೇಣಿಗೆ ನೀಲಿ ದಾರ ಹಾಕಿದ್ದಳು. ಎರಡು ವರ್ಷದ ಮೇಲೆ ಅಕ್ಕನ ಮೊಮ್ಮಗನ ಜವಳ ಆಯಿತು. ಕೂದಲು ತೆಗೆಸಿದ ಮೇಲೆ ತಂಗಿಯನ್ನು ಕೂರಿಸಿ ಆಯೇರಿ ಮಾಡಿದರು. ಉಡುಗೊರೆಯೆಂದು ಮಡಿಲಿಗೆ ಬಂದ ಸೀರೆಯ ಅಂಚು ತಿರುವಿದರೆ ನೀಲಿ ದಾರ! ನೆಂಟರೆಲ್ಲರ ಎದುರಿಗೆ ಇವಳು, "ನಾ ಕೊಟ್ಟಿದ್ದು ನನಗ ಬಂತು ನೋಡ್ರಿ" ಅಂತ ಸೀರೆಯನ್ನು ಅಲ್ಲೇ ಇಟ್ಟು ಎದ್ದಳು. ಅಕ್ಕನ ಮುಖ ಸಣ್ಣದಾಯಿತು. ಆಮೇಲೆ ಯಾರೂ ಫೋನು ಮಾಡಲಿಲ್ಲ.

ಈಗ ಇವಳ ಮಗಳ ಮದುವೆ ಮುಂದಿನ ತಿಂಗಳಿಗೆ ಬಂದಿತ್ತು. ಕಾರ್ಡುಗಳೆಲ್ಲ ಹಂಚಿ ಮುಗಿದಿದ್ದವು, ಒಂದನ್ನು ಬಿಟ್ಟು. ಮೂಲೆಗಳಿಗೆ ಅರಿಶಿನ ಹಚ್ಚಿದ ಆ ಒಂದು ಕಾರ್ಡು ನಮ್ಮ ಕೇಂದ್ರದ ಹಿಟ್ಟಿನ ಡಬ್ಬಿಯ ಹಿಂದೆ ಇತ್ತು. ಮನೆಯಲ್ಲಿಟ್ಟರೆ ಗಂಡ ಹೋಗಿ ಕೊಟ್ಟು ಬಂದಾನು ಅಂತ ಅವಳ ಭಯ. ಹರಿದು ಹಾಕಲಿಕ್ಕೆ ಕೈ ಬರಲೊಲ್ಲದು. ಮಗಳು ದಿನಾ ಕೇಳುತ್ತಿದ್ದಳಂತೆ, ದೊಡ್ಡವ್ವ ಬರದೆ ನನಗೆ ಅರಿಶಿನ ಹಚ್ಚುವವರು ಯಾರು ಅಂತ. ನಾನು ಹಿಟ್ಟು ತೆಗೆದಾಗಲೆಲ್ಲ ಆ ಕಾರ್ಡು ಕಾಣುತ್ತಿತ್ತು. ದಿನದಿಂದ ದಿನಕ್ಕೆ ಅದರ ಮೇಲೆ ಹಿಟ್ಟಿನ ಧೂಳು ಕೂಡುತ್ತಿತ್ತು. ನೇರವಾಗಿ ಹೇಳಿದರೆ, ನಿನ್ನ ಕೆಲಸ ನೋಡಿಕೋ ಅನ್ನುವ ಪೈಕಿ ಅವಳು.

ಅಷ್ಟರಲ್ಲಿ ಒಂದು ಮಧ್ಯಾಹ್ನ ಧಾರಾವಾಹಿಯ ಅಕ್ಕ ಕನ್ನಡಿಯ ಮುಂದೆ ನಿಂತು ಅತ್ತಳು. ನಾನು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ ತಲೆ ಎತ್ತುವಷ್ಟರಲ್ಲಿ ಅವಳು ಹಾಲಿನ ಲೋಟ ಹಿಡಿದು ತಂಗಿಯ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಎರಡು ವರ್ಷದಲ್ಲಿ ಮೊದಲ ಸಲ! ನನ್ನ ಕಣ್ಣು ತುಂಬಿ ಬಂತು, ಹೊಗೆಯಿಂದ ಅಲ್ಲ.

"ಏನಂತಾಳ?" ಅಂತ ಅರಸೀಕೆರೆಯಾಕಿ ಕೇಳಿದಳು.

ನಾನು ಡಬ್ಬಿಯ ಹಿಂದಿನ ಕಾರ್ಡಿನ ಕಡೆ ನೋಡದೆ ಹೇಳಿದೆ. "ಅಕ್ಕ ಅಂತಾಳ, ತಂಗೀ, ತಪ್ಪು ನಂದೈತಿ. ಒಂದು ಸಣ್ಣ ಮಾತಿಗೆ ಇಷ್ಟು ವರ್ಷ ಹಾಳು ಮಾಡ್ಕೊಂಡ್ವಿ. ದೊಡ್ಡಾಕಿ ನಾನು, ನಾನ ಬರಬೇಕಿತ್ತು. ಹಾಲು ಕುಡಿ, ಅಂತಾಳ."

"ತಂಗಿ ಏನಂದ್ಲು?"

ತಂಗಿ ಏನೂ ಅಂದಿರಲಿಲ್ಲ, ಲೋಟ ತೆಗೆದುಕೊಂಡಿದ್ದಳು ಅಷ್ಟೇ. ನಾನು ಅಂದೆ, "ನಾನರ ಬರಬಹುದಿತ್ತಲ್ಲಕ್ಕಾ, ನನಗೇನು ಕಾಲಿರಲಿಲ್ಲೇನು? ಅಂತಾಳ."

ಅರಸೀಕೆರೆಯಾಕಿಯ ಕೈ ನಿಂತಿತು. ಹಲಗೆಯ ಮೇಲೆ ಅರ್ಧ ಬಡಿದ ರೊಟ್ಟಿಯ ಅಂಚು ಒಣಗಿ ಬಿರಿಯತೊಡಗಿತು. ಅವಳ ಕೈಯಲ್ಲಿ ರೊಟ್ಟಿ ಬಿರಿದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅವಳು ಅದನ್ನು ಮುದ್ದೆ ಮಾಡಿ, ನೀರು ಹಚ್ಚಿ ಮತ್ತೆ ನಾದಿ ಬಡಿದಳು. ಸಂಜೆ ಡಬ್ಬಿಯ ಹಿಂದೆ ನೋಡಿದರೆ ಕಾರ್ಡು ಇರಲಿಲ್ಲ.

ಮರುದಿನ ಅವಳು ರಜೆ. ಹರಪನಹಳ್ಳಿಗೆ ಹೋಗ್ಯಾಳ ಅಂತ ಯಜಮಾನಿ ಹೇಳಿದರು. ನಾನು ಹಿಗ್ಗಿ ಹೀರೇಕಾಯಿಯಾಗಿ ಕೂತಿದ್ದೆ. ಮಧ್ಯಾಹ್ನ ಧಾರಾವಾಹಿ ಶುರುವಾಯಿತು. ಅವಳ ಕೈಯ ಸಪ್ಪಳ ಇಲ್ಲದ್ದರಿಂದ ಅವತ್ತು ಟಿವಿಯ ಮಾತು ನನಗೆ ಸ್ವಚ್ಛವಾಗಿ ಕೇಳಿಸಿತು. ಕೇಳಿಸದಿದ್ದರೇ ಚೆನ್ನಾಗಿತ್ತು. ತಂಗಿ ಬಾಯಲ್ಲಿ ನೊರೆ ಬಂದು ಆಸ್ಪತ್ರೆಯಲ್ಲಿ ಮಲಗಿದ್ದಳು. ಡಾಕ್ಟರು ಹಾಲಿನಲ್ಲಿ ವಿಷ ಅಂದ. ಅಕ್ಕ ಕಾರಿಡಾರಿನಲ್ಲಿ ನಿಂತು ಒಳಗೊಳಗೇ ನಗುತ್ತಿದ್ದಳು. ಅವಳ ಮುಖವನ್ನು ಮೂರು ಸಲ ತೋರಿಸಿದರು.

ನನ್ನ ಕೈಯಲ್ಲಿದ್ದ ರೊಟ್ಟಿ ಕರಕಾಯಿತು. ಯಜಮಾನಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ನಿನ್ನಿ ನೀ ರೊಟ್ಟಿ ತಿರುವಿದೆಲ್ಲ, ಆವಾಗ್ಲೇ ಹಾಲಿಗೆ ಪುಡಿ ಹಾಕಿದ್ಲು," ಅಂದರು.

"ನಿಮಗೆಂಗ ಗೊತ್ತು?"

"ನಾ ದಿನಾ ಮನ್ಯಾಗ ನೋಡೇ ಬರ್ತೀನಿ."

"ಎರಡು ವರ್ಷದಿಂದ?"

"ಎರಡು ವರ್ಷದಿಂದ. ಅಲ್ಲಿಗಿಂತ ನಿಂದ ಚಲೋ ಇರ್ತಿತ್ತು. ಯಾಕ ಕೆಡಸಲಿ ಅಂತ ಸುಮ್ಮನಿದ್ದೆ."

ಹೊಗಳಿಕೆ ಕಿವಿಗೆ ಬೀಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ನನ್ನ ತಲೆಯಲ್ಲಿ ಒಂದೇ ಯೋಚನೆ. ಈಗ ಗಂಟೆ ಒಂದೂವರೆ. ಹರಪನಹಳ್ಳಿಯಲ್ಲೂ ಒಂದೂವರೆ. ಅಕ್ಕನ ಮನೆಯಲ್ಲೂ ಟಿವಿ ಇದ್ದೇ ಇರುತ್ತದೆ. ಏಳು ವರ್ಷದ ಮೇಲೆ ಹೊಸ್ತಿಲು ದಾಟಿದವಳ ಎದುರಿಗೆ ಇದೇ ಬಂದರೆ? ನನ್ನ ಮಾತನ್ನು ನಂಬಿ ಹೋದವಳು ಅಲ್ಲಿ ಅವಮಾನಪಟ್ಟುಕೊಂಡು ಬಂದರೆ, ಮತ್ತೊಮ್ಮೆ ಆ ದಾರಿ ತುಳಿಯುವುದುಂಟೆ? ಫೋನು ಮಾಡಿದೆ, ಎತ್ತಿದ್ದು ಅವಳ ಮಗಳು. ಅವ್ವ ಫೋನು ಮನೆಯಲ್ಲೇ ಬಿಟ್ಟು ಹೋಗಿದ್ದಳು. ಆ ದಿನ ನಾನು ಹೊತ್ತಿಸಿದಷ್ಟು ರೊಟ್ಟಿಗಳನ್ನು ಅದುವರೆಗಿನ ವರ್ಷಗಳಲ್ಲೆಲ್ಲ ಸೇರಿ ಹೊತ್ತಿಸಿರಲಿಲ್ಲ.

ಅವಳು ಬಂದದ್ದು ಇನ್ನೊಂದು ದಿನ ಬಿಟ್ಟು. ಬಂದವಳೇ ಹಲಗೆ ಎಳೆದುಕೊಂಡಳು. ಎಸರು ಹಾಕಿ ಹಿಟ್ಟು ನಾದಿದಳು. ನನ್ನ ಕಡೆ ನೋಡಲಿಲ್ಲ. ನಾನೇ ಬಾಯಿ ಬಿಟ್ಟೆ.

"ಲೇ, ಅಕಿ ಹಂಗ ಅಂದಿರಲಿಲ್ಲ. ನಾ ಕೂಡಿಸಿ ಹೇಳಿದೆ. ಎರಡು ವರ್ಷದಿಂದ ಎಲ್ಲಾ ಕೂಡಿಸೇ ಹೇಳೀನಿ."

"ಗೊತ್ತಾತು ಬಿಡು," ಅಂದಳು. ಆಮೇಲೆ ಒಂದೊಂದೇ ಹೇಳಿದಳು.

ಕೊಟ್ಟೂರಲ್ಲಿ ಬಸ್ಸು ಬದಲಿಸಿ ಹರಪನಹಳ್ಳಿಯಲ್ಲಿ ಇಳಿದರೆ ಅಕ್ಕನ ಓಣಿಯ ಗುರುತೇ ಸಿಗಲಿಲ್ಲವಂತೆ, ಎಲ್ಲಾ ಹೊಸ ಮನೆಗಳು. ಕಿರಾಣಿ ಅಂಗಡಿಯಲ್ಲಿ, ಅರಸೀಕೆರೆಯಾಕಿ ಮನೆ ಯಾವುದು ಅಂತ ಕೇಳಿದಳಂತೆ. ಅಲ್ಲಿ ಅಕ್ಕನನ್ನೂ ಹಾಗೇ ಕರೆಯುತ್ತಾರಲ್ಲ! ಅಂಗಡಿಯವನು, ನೀವ್ಯಾರು ಅಂದನಂತೆ. ಇವಳು, "ನಾನೂ ಅರಸೀಕೆರೆಯಾಕಿನ್ರಿ" ಅಂದಳಂತೆ.

ಅಕ್ಕ ಬಾಗಿಲು ತೆರೆದವಳು ಬಾ ಅಂತಲೂ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಒಳಗೆ ಹೋಗಿಬಿಟ್ಟಳು. ಇವಳು ಚಪ್ಪಲಿ ಬಿಟ್ಟು, ಕಾರ್ಡು ಕೈಯಲ್ಲಿ ಹಿಡಿದುಕೊಂಡು ಟಿವಿಯ ಎದುರಿನ ಕುರ್ಚಿಯ ತುದಿಗೆ ಕೂತಳು. ಸ್ವಲ್ಪ ಹೊತ್ತಿಗೆ ಅಕ್ಕ ಬಂದಳು, ಕೈಯಲ್ಲಿ ಒಂದು ಲೋಟ ಹಾಲು.

"ನಾ ಚಾ ಕುಡಿಯಂಗಿಲ್ಲ ಅಂತ ಅಕಿಗೆ ನೆನಪಿತ್ತು," ಅಂದಳು ನನ್ನ ಗೆಳತಿ. ಇಷ್ಟು ಹೇಳಿ ರೊಟ್ಟಿಯನ್ನು ಎರಡು ಸುತ್ತು ಬಡಿದಳು.

ಸರಿಯಾಗಿ ಅದೇ ಹೊತ್ತಿಗೆ ಟಿವಿಯಲ್ಲಿ ಹಿಂದಿನ ಕಂತಿನ ತುಣುಕು ಬಂತಂತೆ. ಅಕ್ಕ, ಲೋಟ, ಸೆರಗಿನಿಂದ ತೆಗೆದ ಪುಡಿಯ ಪೊಟ್ಟಣ, ಗುಡುಗಿನಂಥ ಸಂಗೀತ. ಅಲ್ಲಿ ರೊಟ್ಟಿ ಸಪ್ಪಳ ಇರಲಿಲ್ಲ, ಒಂದೊಂದು ಮಾತೂ ಕೇಳಿಸಿತು. ಇವಳು ಟಿವಿ ನೋಡಿದಳು. ಕೈಯಲ್ಲಿದ್ದ ಹಾಲು ನೋಡಿದಳು. ಅಕ್ಕನ ಮುಖ ನೋಡಿದಳು. ಅಕ್ಕನೂ ಮೂರನ್ನೂ ನೋಡಿ, ಏಳು ವರ್ಷದ ಮೇಲೆ ಮೊದಲ ಮಾತು ಆಡಿದಳು.

"ಕುಡಿಯೇ. ಸಕ್ಕರಿ ಬಿಟ್ರೆ ಬ್ಯಾರೇನೂ ಹಾಕಿಲ್ಲ."

ಇಬ್ಬರೂ ನಕ್ಕು ನಕ್ಕು ಹಾಲು ಸೀರೆಯ ಮೇಲೆ ಚೆಲ್ಲಿತಂತೆ. ಸೀರೆ ಒರೆಸುವಾಗ ಹಳೆಯ ಸೀರೆಯ ಮಾತು ಬಂತು. ಅಕ್ಕ ಅಂದಳಂತೆ, "ಆವತ್ತು ಪೆಟ್ಟಿಗ್ಯಾಗ ಅದಕ್ಕಿಂತ ಚಲೋ ಸೀರಿ ಇರಲಿಲ್ಲ. ಯಾರು ಕೊಟ್ಟಿದ್ದು ಅಂತ ಮರ್ತಿದ್ದೆ ನೋಡು. ನಿನಗ ಚಲೋದ ಕೊಡಬೇಕು ಅಂತ ಮಾತ್ರ ಇತ್ತು." ಆಮೇಲೆ ತಂಗಿ ಕುಂಕುಮ ಹಚ್ಚಿ ಕಾರ್ಡು ಕೊಟ್ಟಳು. ಅಕ್ಕ ಒಂದು ದಿನ ಉಳಿಸಿಕೊಂಡಳು.

ಇಷ್ಟು ಕೇಳಿ ನನಗೆ ಅಳು ಬಂತು, ನಾಚಿಕೆಯಿಲ್ಲದೆ ಅತ್ತೆ. ಅವಳು ಮಾತ್ರ ಹುಬ್ಬು ಗಂಟು ಹಾಕಿಕೊಂಡೇ ಕೇಳಿದಳು.

"ಹಂಗಾರ, ನನಗೇನು ಕಾಲಿರಲಿಲ್ಲೇನು ಅಂದಿದ್ದು ಯಾರು?"

"ನಾನ."

"ನಿನ್ನ ಬಾಯಿಗಿಷ್ಟು ಹಿಟ್ಟು ಹಾಕ," ಅಂದಳು. ಅಷ್ಟರಲ್ಲಿ ಟಿವಿಯಲ್ಲಿ ಆಸ್ಪತ್ರೆಯ ತಂಗಿ ಕಣ್ಣು ಬಿಟ್ಟಳು. ನನ್ನ ಗೆಳತಿ ರೊಟ್ಟಿಯಿಂದ ಕಣ್ಣೆತ್ತದೆ, "ಏನಂತಾಳ ಈಗ?" ಅಂತ ಕೇಳಿದಳು. ಅವಳು ಕೇಳಿದಳೆಂದು ನಾನೂ ಕಣ್ಣೊರೆಸಿಕೊಂಡು ಹೇಳಿದೆ.

ಮದುವೆ ನಡೆದದ್ದು ನಮ್ಮ ಊರಿನ ಕಲ್ಯಾಣ ಮಂಟಪದಲ್ಲಿ, ಮೊದಲು ಟಾಕೀಸ್ ಇದ್ದ ಜಾಗ ಅದು. ನಾವು ಕೇಂದ್ರದವರು ನಾಲ್ಕೂ ಮಂದಿ ಸಾಲಾಗಿ ಕೂತಿದ್ದೆವು. ನನಗೆ ಬ್ಯಾಂಡ್ ಕಂಡರೆ ಆಗುವುದಿಲ್ಲ, ಅವತ್ತು ಮಾತ್ರ ಇಷ್ಟವಾಯಿತು. ವೇದಿಕೆಯ ಮೇಲಿಂದ ಯಾರೋ ಹಿರಿಯರು ಮೈಕಿನಲ್ಲಿ, "ಅರಸೀಕೆರೆಯಾಕಿ, ಬಾರವ್ವ ಇಲ್ಲಿ" ಅಂತ ಕೂಗಿದರು. ಇಬ್ಬರು ಹೆಂಗಸರು ಒಟ್ಟಿಗೇ ತಿರುಗಿದರು.

ಆಯೇರಿಯ ಹೊತ್ತಿಗೆ ಅಕ್ಕ ಚೀಲದಿಂದ ಸೀರೆ ತೆಗೆದಳು. ಹಸಿರು. ನನ್ನ ಗೆಳತಿ ಅಂಚು ತಿರುವಿ, ನೀಲಿ ದಾರವನ್ನು ಬೆರಳಿಂದ ಎತ್ತಿ ಹಿಡಿದು ಅಕ್ಕನ ಮುಖದ ಮುಂದೆ ಆಡಿಸಿದಳು. ಅಕ್ಕ ಏನೋ ಅಂದಳು. ಇವಳೂ ಏನೋ ಅಂದಳು. ಆಮೇಲೆ ಅಕ್ಕ ತಂಗಿಯ ಗದ್ದ ಹಿಡಿದು ಮತ್ತೇನೋ ಬಹಳ ಹೊತ್ತು ಹೇಳಿದಳು. ಬ್ಯಾಂಡಿನ ಅಬ್ಬರದಲ್ಲಿ ಒಂದು ಅಕ್ಷರವೂ ಕೇಳಿಸಲಿಲ್ಲ.

ಯಜಮಾನಿ ನನ್ನ ಪಕ್ಕೆಗೆ ತಿವಿದರು. "ಕೊಟ್ಟೂರಾಕಿ, ಏನಂತಾಳ?"

ನಾನು ಅವರಿಬ್ಬರ ತುಟಿಗಳನ್ನೇ ನೋಡುತ್ತಿದ್ದೆ.

"ಗೊತ್ತಿಲ್ರಿ ಅಕ್ಕಾರ," ಅಂದೆ. "ಸುಮ್ನ ನೋಡ್ರಿ."